ಮೊರಾಕ್ಕೊ ಶೈಲಿಯ ಮೀನು-ತರಕಾರಿ ತಾಜೀನ್: ಮಂಗಳೂರಿನ ಅಡುಗೆಮನೆಯಿಂದ ಪದೇ ಪದೇ ಬರುವ ಪ್ರಶ್ನೆಗಳು

ಈ ತಾಜೀನ್ ಅಂದರೆ ಎಂತದು?

ತಾಜೀನ್ ಅನ್ನುವುದು ಪಾತ್ರೆಯ ಹೆಸರೂ ಹೌದು, ಅದರಲ್ಲಿ ಬೇಯಿಸಿದ ಅಡುಗೆಯ ಹೆಸರೂ ಹೌದು. ಅಗಲ ತಳದ ಮಣ್ಣಿನ ಪಾತ್ರೆ, ಮೇಲೆ ಗೋಪುರದ ಹಾಗೆ ಚೂಪಾದ ಮುಚ್ಚಳ. ಮೊರಾಕ್ಕೊದಲ್ಲಿ ಮಾಂಸ, ಕೋಳಿ, ತರಕಾರಿ ಎಲ್ಲವನ್ನೂ ಹೀಗೆ ಬೇಯಿಸುತ್ತಾರೆ. ಕಡಲ ಬದಿಯ ಊರುಗಳಲ್ಲಿ ಮೀನಿನದ್ದು ಜಾಸ್ತಿ. ಕೆಳಗೆ ತರಕಾರಿ, ಮೇಲೆ ಮಸಾಲೆ ಹಚ್ಚಿದ ಮೀನು, ಸಣ್ಣ ಉರಿ, ಮುಚ್ಚಿದ ಮುಚ್ಚಳ, ಇಷ್ಟೇ ಅದರ ಲೆಕ್ಕ. ನೀರು ತುಂಬಾ ಬೇಡ, ತರಕಾರಿ ಬಿಡುವ ರಸದಲ್ಲೇ ಮುಕ್ಕಾಲು ಪಾಲು ಬೇಯುತ್ತದೆ.

ನಮ್ಮ ಮೀನು ಗಸಿಗೂ ಇದಕ್ಕೂ ವ್ಯತ್ಯಾಸ ಎಂತ?

ಗಸಿಯಲ್ಲಿ ಮಸಾಲೆಯೇ ಯಜಮಾನ. ತೆಂಗಿನಕಾಯಿ, ಹುರಿದ ಮೆಣಸು, ಕೊತ್ತಂಬರಿ, ಹುಣಸೆ ಎಲ್ಲ ಕಡೆದು ಕುದಿಸಿ, ಆ ಕುದಿಗೆ ಮೀನು ಬಿಡುತ್ತೇವೆ. ಪುಳಿಮುಂಚಿಯಲ್ಲಿ ಕಾಯಿ ಇಲ್ಲದಿದ್ದರೂ ಹುಳಿ-ಖಾರ ಮುಂದೆ ನಿಲ್ಲುತ್ತದೆ. ತಾಜೀನ್‌ನಲ್ಲಿ ಅರೆದ ಗಟ್ಟಿ ಮಸಾಲೆಯ ರಸ ಇರುವುದಿಲ್ಲ. ಟೊಮೆಟೊ, ಎಣ್ಣೆ, ಲಿಂಬೆ ಸೇರಿ ಆಗುವ ತೆಳು ರಸ ಅಷ್ಟೇ. ಜೀರಿಗೆ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು ಎಲ್ಲ ನಮಗೆ ಗೊತ್ತಿರುವುದೇ. ಆದರೆ ಅವುಗಳನ್ನು ಹಸಿಯಾಗಿ ಮೀನಿಗೆ ಹಚ್ಚುತ್ತಾರೆ, ಒಗ್ಗರಣೆಗೆ ಹಾಕುವುದಿಲ್ಲ. ಇನ್ನೊಂದು, ಅಲ್ಲಿ ತರಕಾರಿ ಪಕ್ಕದ ಪಲ್ಯ ಅಲ್ಲ, ಮೀನಿನಷ್ಟೇ ಮುಖ್ಯ. ಮೀನು ಸಾರಿಗೆ ಬಟಾಟೆ, ಕ್ಯಾರೆಟ್ ಹಾಕುವುದೆಂದರೆ ನಮ್ಮಲ್ಲಿ ಹಲವರಿಗೆ ವಿಚಿತ್ರ ಅನ್ನಿಸುತ್ತದೆ, ಒಮ್ಮೆ ತಿಂದ ಮೇಲೆ ಅನ್ನಿಸುವುದಿಲ್ಲ.

ಸ್ವಲ್ಪ ತೆಂಗಿನ ಹಾಲು ಹಾಕಿದರೆ?

ಬೇಡ. ನನಗೂ ತೆಂಗಿನಕಾಯಿ ಬಿಟ್ಟು ಮೀನಿನ ಅಡುಗೆ ಊಹಿಸುವುದು ಕಷ್ಟವಾಗಿತ್ತು, ಆದರೆ ಇಲ್ಲಿ ಕಾಯಿ ಬಂದರೆ ಲಿಂಬೆಯ ಚುರುಕು ಮತ್ತು ಟೊಮೆಟೊದ ಹುಳಿ ಎರಡೂ ಸತ್ತುಹೋಗುತ್ತವೆ. ಹುಣಸೆಯೂ ಬೇಡ, ಕರಿಬೇವೂ ಬೇಡ. ಅವೆಲ್ಲ ಹಾಕಿದರೆ ಒಳ್ಳೆಯ ಸಾರೇ ಆಗಬಹುದು, ಆದರೆ ತಾಜೀನ್ ಆಗುವುದಿಲ್ಲ. ಈ ಪುಟದಲ್ಲಿ ನಾನು ಜೋರಾಗಿ ಹೇಳುವುದು ಎರಡೇ ಮಾತು: ಒಂದು ಇದು, ಇನ್ನೊಂದು ಮೀನನ್ನು ಕೊನೆಗೆ ಹಾಕಿ ಅನ್ನುವುದು.

ಯಾವ ಮೀನು ಒಳ್ಳೆಯದು?

ಗಟ್ಟಿ ಮಾಂಸದ್ದು, ಮುಳ್ಳು ಕಡಿಮೆ ಇರುವುದು. ನನ್ನ ಮೊದಲ ಆಯ್ಕೆ ಮುರು ಮೀನು. ಬಿಳಿ ಮಾಂಸ, ದೊಡ್ಡ ದೊಡ್ಡ ಪದರ, ಬೆಂದರೂ ಆಕಾರ ಬಿಡುವುದಿಲ್ಲ, ರಸಕ್ಕೆ ಒಂದು ಅಂಟು ಕೊಡುತ್ತದೆ. ಅಂಜಲ್ ಸುಲಭವಾಗಿ ಸಿಗುತ್ತದೆ, ಆದರೆ ಎರಡು ನಿಮಿಷ ಜಾಸ್ತಿ ಬೆಂದರೆ ಒಣಗಿದ ಹಾಗೆ ಆಗುತ್ತದೆ. ಅದಕ್ಕೆ ತುಂಡು ಒಂದು ಇಂಚು ದಪ್ಪ ಇರಲಿ. ನಾವು ತವಾ ಫ್ರೈಗೆ ಕೊಯ್ಯಿಸುವ ತೆಳು ತುಂಡು ಇದಕ್ಕೆ ಆಗುವುದಿಲ್ಲ. ಮಾರ್ಕೆಟಿನಲ್ಲಿ ಮೀನು ಕೊಯ್ಯುವಾಗಲೇ "ದಪ್ಪ ಇರಲಿ, ತಲೆಯೂ ಕೊಡಿ" ಎಂದು ಹೇಳಿಬಿಡಿ. ತಲೆಯನ್ನು ಬೇರೆ ಕುದಿಸಿ ಸೋಸಿದರೆ ನೀರಿನ ಬದಲು ಅದನ್ನೇ ಹಾಕಬಹುದು, ರುಚಿ ಒಂದು ಮೆಟ್ಟಿಲು ಮೇಲೆ ಹೋಗುತ್ತದೆ.

ಕಾಣೆ ಬೇಡ, ಅದು ಬಹಳ ಮೃದು, ರವಾ ಫ್ರೈಗೇ ಚಂದ. ಪಾಂಪ್ಲೆಟ್ ಆಗುತ್ತದೆ, ಆದರೆ ಅಷ್ಟು ದುಡ್ಡು ಕೊಟ್ಟು ಟೊಮೆಟೊದಲ್ಲಿ ಮುಳುಗಿಸುವುದು ನನಗೆ ಮನಸ್ಸಿಲ್ಲ.

ಬೂತಾಯಿ, ಬಂಗುಡೆಯಲ್ಲಿ ಮಾಡಬಹುದಾ?

ಬೂತಾಯಿಯ ನೆಂಟ ಸಾರ್ಡೀನ್ ಮೊರಾಕ್ಕೊದಲ್ಲಿ ಧಾರಾಳ ಸಿಗುವ ಮೀನು. ಡಬ್ಬಿಯಲ್ಲಿ ತುಂಬಿದ ಸಾರ್ಡೀನನ್ನು ಹೊರದೇಶಗಳಿಗೆ ಕಳಿಸುವುದರಲ್ಲಿ ಆ ದೇಶವೇ ಮುಂದೆ. ಅಲ್ಲಿ ಅದರ ನಡುಮುಳ್ಳು ತೆಗೆದು, ಎರಡು ಮೀನಿನ ನಡುವೆ ಮಸಾಲೆ ಇಟ್ಟು ಜೋಡಿಸಿ ಕಾಯಿಸುತ್ತಾರೆ. ಕೊಚ್ಚಿ ಉಂಡೆ ಮಾಡಿ ಟೊಮೆಟೊ ರಸದಲ್ಲಿ ಬೇಯಿಸುವುದೂ ಉಂಟು. ಹಾಗಾಗಿ ಬೂತಾಯಿ ಧಾರಾಳವಾಗಿ ಬಳಸಿ, ಆದರೆ ಅದಕ್ಕೆ ಐದಾರು ನಿಮಿಷ ಸಾಕು.

ಬಂಗುಡೆಯೂ ಆದೀತು, ಒಂದೇ ಎಚ್ಚರ. ಬಂಗುಡೆ, ಬೂತಾಯಿ, ಕೇದರ ಜಾತಿಯ ಮೀನುಗಳನ್ನು ಐಸ್ ಇಲ್ಲದೆ ಸೆಕೆಯಲ್ಲಿ ಇಟ್ಟರೆ ಮಾಂಸದಲ್ಲಿ ಹಿಸ್ಟಮೀನ್ ಎಂಬ ಅಂಶ ಸೇರಿಕೊಳ್ಳುತ್ತದೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗುವುದು, ತುರಿಕೆ, ತಲೆನೋವು ಬರುವುದು ಇದರಿಂದಲೇ. ಮೀನಿನ ಕಣ್ಣು ಉಬ್ಬಿ ಹೊಳೆಯಬೇಕು, ಕಿವಿರು ಕೆಂಪಾಗಿರಬೇಕು, ಬೆರಳಲ್ಲಿ ಒತ್ತಿದರೆ ಗುಳಿ ಕೂಡಲೇ ತುಂಬಬೇಕು. ಮಲ್ಪೆಯಿಂದಲೋ ದಕ್ಕೆಯಿಂದಲೋ ತರುವಾಗ ಸ್ಕೂಟರಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡಬೇಡಿ, ಒಂದು ಹಿಡಿ ಐಸ್ ಕೇಳಿ ಹಾಕಿಸಿಕೊಳ್ಳಿ.

ಮೀನಿಗೆ ಹಚ್ಚುವ ಆ ಹಸಿರು ಮಸಾಲೆ ಯಾವುದು?

ಅದರ ಹೆಸರು ಶರ್ಮೂಲಾ. ಮೊರಾಕ್ಕೊ, ಅಲ್ಜೀರಿಯಾ, ಟುನೀಷಿಯಾ ಮೂರೂ ಕಡೆ ಉಂಟು, ಮನೆಮನೆಗೆ ಬೇರೆ. ಮುಕ್ಕಾಲು ಕಿಲೋ ಮೀನಿಗೆ ನನ್ನ ಅಳತೆ ಇದು: ಎರಡು ಹಿಡಿ ಕೊತ್ತಂಬರಿ ಸೊಪ್ಪು, ಪಾರ್ಸ್ಲಿ ಸಿಕ್ಕಿದರೆ ಒಂದು ಹಿಡಿ, ಊರಿನ ಸಣ್ಣ ಬೆಳ್ಳುಳ್ಳಿ ಎಸಳು 8ರಿಂದ 10, ಹುರಿದು ಪುಡಿ ಮಾಡಿದ ಜೀರಿಗೆ ಎರಡು ಟೀ ಚಮಚ, ಪ್ಯಾಪ್ರಿಕಾ (ಖಾರ ಕಡಿಮೆಯ ಕೆಂಪು ಮೆಣಸಿನ ಪುಡಿ) ಎರಡು ಟೀ ಚಮಚ, ಒಣಶುಂಠಿ ಪುಡಿ ಮತ್ತು ಕರಿಮೆಣಸು ಅರ್ಧರ್ಧ, ಉಪ್ಪು ಒಂದು, ಎರಡು ಲಿಂಬೆಯ ರಸ, ನಾಲ್ಕು ದೊಡ್ಡ ಚಮಚ ಆಲಿವ್ ಎಣ್ಣೆ. ಮಿಕ್ಸಿಯಲ್ಲಿ ನುಣ್ಣಗೆ ಅರೆಯಬೇಡಿ. ನುಣ್ಣಗಾದರೆ ಸೊಪ್ಪು ಚಟ್ನಿಯಾಗಿ ಕಹಿ ಬರುತ್ತದೆ. ಕಲ್ಲಿನಲ್ಲಿ ಬೆಳ್ಳುಳ್ಳಿ-ಉಪ್ಪು ಜಜ್ಜಿ, ಸೊಪ್ಪನ್ನು ಚೂರಿಯಲ್ಲಿ ಸಣ್ಣಗೆ ಕೊಚ್ಚಿ ಸೇರಿಸಿ. ಪಾರ್ಸ್ಲಿ ಸಿಗಲಿಲ್ಲ ಎಂದು ಕೆಲಸ ನಿಲ್ಲಿಸಬೇಡಿ, ಕೊತ್ತಂಬರಿ ಒಂದೇ ಸಾಕು.

ಪ್ಯಾಪ್ರಿಕಾ ಬದಲು ಬ್ಯಾಡಗಿ ಆಗುತ್ತದಾ?

ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಪ್ಯಾಪ್ರಿಕಾ ಹಾಕುವುದು ಬಣ್ಣಕ್ಕೆ ಮತ್ತು ಸಿಹಿ ಮೆಣಸಿನ ಪರಿಮಳಕ್ಕೆ, ಖಾರಕ್ಕಲ್ಲ. ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ಅದರ ಹೆಸರು ಇರುವುದೂ ಕಡು ಕೆಂಪು ಬಣ್ಣಕ್ಕೇ, ಖಾರ ಕಡಿಮೆ. ಬೀಜ ಉದುರಿಸಿ ಪುಡಿ ಮಾಡಿದರೆ ಇನ್ನೂ ಹತ್ತಿರ ಬರುತ್ತದೆ. ಮನೆಯಲ್ಲಿರುವ ಮೀನು ಮಸಾಲೆ ಪುಡಿ ಮಾತ್ರ ಬೇಡ. ಅದರಲ್ಲಿ ಕೊತ್ತಂಬರಿ, ಮೆಂತೆ, ಓಮ ಎಲ್ಲ ಇರುತ್ತದೆ, ಪರಿಮಳ ಕೂಡಲೇ ನಮ್ಮ ಸಾರಿನ ಕಡೆಗೆ ಎಳೆಯುತ್ತದೆ.

ಹಿಂದಿನ ರಾತ್ರಿಯೇ ಮಸಾಲೆ ಹಚ್ಚಿಡಬಹುದಾ?

ಬೇಡ. ಲಿಂಬೆ ಇರುವ ಮಸಾಲೆ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ ಸಾಕು. ಹುಳಿಯಲ್ಲಿ ಜಾಸ್ತಿ ಹೊತ್ತು ಕೂತರೆ ಮೀನು ಒಲೆಗೆ ಏರುವ ಮೊದಲೇ ಹೊರಗಿನಿಂದ ಬೆಂದ ಹಾಗೆ ಬೆಳ್ಳಗಾಗುತ್ತದೆ, ಆಮೇಲೆ ಬೇಯಿಸಿದಾಗ ಸುಣ್ಣದ ಹಾಗೆ ಪುಡಿಪುಡಿ. ನಾನು ಮೊದಲ ಸಲ ಮಾಡಿದ್ದು ತಂಗಿಯ ಮನೆಯವರು ಉಡುಪಿಯಿಂದ ಊಟಕ್ಕೆ ಬಂದಿದ್ದ ಭಾನುವಾರ. ಚೆನ್ನಾಗಿ ಹಿಡಿಯಲಿ ಎಂದು ಶನಿವಾರ ರಾತ್ರಿಯೇ ಹಚ್ಚಿ ಫ್ರಿಜ್‌ನಲ್ಲಿಟ್ಟೆ. ಅಷ್ಟು ಒಳ್ಳೆಯ ಅಂಜಲ್ ಬಾಯಿಗಿಟ್ಟರೆ ಹಿಟ್ಟಿನ ಹಾಗಿತ್ತು, ಇವತ್ತಿಗೂ ಬೇಸರ ಉಂಟು. ಮುಂಚೆಯೇ ತಯಾರಿ ಬೇಕಾದರೆ ಲಿಂಬೆ ಬಿಟ್ಟು ಉಳಿದದ್ದನ್ನು ಕಲಸಿಡಿ, ರಸವನ್ನು ಆಮೇಲೆ ಹಿಂಡಿ.

ಯಾವ ತರಕಾರಿ, ಎಷ್ಟು?

ನಾಲ್ಕು ಜನಕ್ಕೆ ಮೂರು ಬಟಾಟೆ, ಎರಡು ಕ್ಯಾರೆಟ್, ಎರಡು ನೀರುಳ್ಳಿ, ಒಂದು ದೊಣ್ಣೆ ಮೆಣಸು, ಸುಮಾರು 400 ಗ್ರಾಂ ಹಣ್ಣು ಟೊಮೆಟೊ. ಇದರ ಮೇಲೆ ನನಗೆ ಇಷ್ಟವಾದದ್ದು ಬದನೆ. ಮೆಡಿಟರೇನಿಯನ್ ಕಡಲಿನ ಸುತ್ತ ಬದನೆ ಇಲ್ಲದ ಅಡುಗೆಮನೆ ಇಲ್ಲ ಅಂದರೂ ಸರಿ, ನಮಗೋ ಮಟ್ಟುಗುಳ್ಳವೇ ಉಂಟಲ್ಲ! ಉಡುಪಿ ಹತ್ತಿರದ ಮಟ್ಟುವಿನ ಈ ಗುಳ್ಳ ಎಣ್ಣೆಯಲ್ಲಿ ಬಾಡಿಸಿದರೆ ಬೆಣ್ಣೆಯ ಹಾಗೆ ಮೆತ್ತಗಾಗುತ್ತದೆ, ಕಹಿ ಇರುವುದಿಲ್ಲ. ಕತ್ತರಿಸಿದ ಕೂಡಲೇ ನೀರಿಗೆ ಹಾಕಿ, ಮತ್ತೆ ಒರೆಸಿ, ಬೇರೆಯಾಗಿ ಸ್ವಲ್ಪ ಕಾಯಿಸಿ ಕೊನೆಯ ಹಂತದಲ್ಲಿ ಸೇರಿಸಿ. ಮಂಗಳೂರು ಸೌತೆ ಬೇಡ, ನೀರು ಬಿಟ್ಟು ರಸ ಸಪ್ಪೆ ಮಾಡುತ್ತದೆ.

ಎಷ್ಟು ಬೇಯಿಸಿದರೂ ಬಟಾಟೆ ಗಟ್ಟಿಯೇ ಉಳಿಯುತ್ತದೆ, ಯಾಕೆ?

ಟೊಮೆಟೊ ಮತ್ತು ಲಿಂಬೆಯ ಹುಳಿಯಿಂದ. ಹುಳಿ ಇದ್ದಲ್ಲಿ ತರಕಾರಿಯ ನಾರು ಬೇಗ ಸಡಿಲವಾಗುವುದಿಲ್ಲ. ಸಾರಿಗೆ ಹುಣಸೆ ಮೊದಲೇ ಹಾಕಿದರೆ ತರಕಾರಿ ಬೇಯುವುದಿಲ್ಲ ಎಂದು ಅಮ್ಮಂದಿರು ಹೇಳುತ್ತಾರಲ್ವಾ, ಅದೇ ಕಾರಣ. ಬಟಾಟೆಯನ್ನು ಉಪ್ಪು ನೀರಿನಲ್ಲಿ ಹತ್ತು ನಿಮಿಷ ಅರೆಬೇಯಿಸಿ ಹಾಕಿ, ಚಿಂತೆ ಇರುವುದಿಲ್ಲ.

ಪೂರ್ತಿ ಕ್ರಮ ಒಮ್ಮೆ ಹೇಳಿ.

ಮೀನಿಗೆ ಶರ್ಮೂಲಾದ ಅರ್ಧ ಭಾಗ ಹಚ್ಚಿ ಇಡಿ, ಉಳಿದರ್ಧ ಪಕ್ಕಕ್ಕಿರಲಿ. ಬಟಾಟೆಯನ್ನು ಬಿಲ್ಲೆ ಮಾಡಿ ಅರೆಬೇಯಿಸಿ. ಅಗಲ ಪಾತ್ರೆಯಲ್ಲಿ ಮೂರು ಚಮಚ ಎಣ್ಣೆ ಬಿಸಿ ಮಾಡಿ ನೀರುಳ್ಳಿ ಹಾಕಿ, ಕೆಂಪಾಗುವುದು ಬೇಡ, ಮೆತ್ತಗಾದರೆ ಸಾಕು, ಎಂಟು ನಿಮಿಷ ಬೇಕಾಗುತ್ತದೆ, ಅವಸರ ಮಾಡಬೇಡಿ. ಸಿಪ್ಪೆ ತೆಗೆದು ಕೊಚ್ಚಿದ ಟೊಮೆಟೊದಲ್ಲಿ ಮುಕ್ಕಾಲು ಪಾಲು ಹಾಕಿ, ಉಳಿಸಿದ ಶರ್ಮೂಲಾ ಹಾಕಿ, ಎಣ್ಣೆ ಬದಿ ಬಿಡುವವರೆಗೆ ಬಾಡಿಸಿ. ಇಡೀ ಅಡುಗೆಯ ರುಚಿ ಇರುವುದು ಈ ಹಂತದಲ್ಲಿ. ಟೊಮೆಟೊದ ಹಸಿ ವಾಸನೆ ಹೋಗದಿದ್ದರೆ ಆಮೇಲೆ ಎಂತ ಹಾಕಿದರೂ ಸರಿಯಾಗುವುದಿಲ್ಲ.

ಈಗ ಇದನ್ನು ಒಂದು ಬಟ್ಟಲಿಗೆ ತೆಗೆದಿಡಿ. ಅದೇ ಪಾತ್ರೆಯ ತಳದಲ್ಲಿ ಉದ್ದಕ್ಕೆ ಸೀಳಿದ ಕ್ಯಾರೆಟ್ ಕಡ್ಡಿಗಳನ್ನು ಅಡ್ಡ-ಉದ್ದ ಹಾಸಿ. ಮೊರಾಕ್ಕೊದಲ್ಲಿ ಹೀಗೆ ಕ್ಯಾರೆಟ್ಟೋ ಬಿದಿರಿನ ಕಡ್ಡಿಯೋ ಹಾಸುತ್ತಾರೆ, ತಳ ಹಿಡಿಯಬಾರದು ಎಂದು. ಅದರ ಮೇಲೆ ಬಟಾಟೆ, ಅದರ ಮೇಲೆ ಟೊಮೆಟೊ ಮಸಾಲೆ, ಮುಕ್ಕಾಲು ಲೋಟ ಬಿಸಿ ನೀರು ಅಥವಾ ಮೀನು ತಲೆಯ ರಸ. ಮುಚ್ಚಿ, ಸಣ್ಣ ಉರಿಯಲ್ಲಿ 20 ನಿಮಿಷ ಬಿಡಿ. ಕ್ಯಾರೆಟಿಗೆ ಚೂರಿ ಸಲೀಸಾಗಿ ಇಳಿಯಬೇಕು. ಇಳಿಯದಿದ್ದರೆ ಇನ್ನೂ ಐದು ನಿಮಿಷ, ಯಾಕೆಂದರೆ ಮೀನು ಹಾಕಿದ ಮೇಲೆ ತರಕಾರಿಗಾಗಿ ಕಾಯುವ ಹಾಗಿಲ್ಲ.

ಆಮೇಲೆ ದೊಣ್ಣೆ ಮೆಣಸು, ಕಾಯಿಸಿದ ಗುಳ್ಳ, ಅವುಗಳ ಮೇಲೆ ಮೀನಿನ ತುಂಡುಗಳು ಒಂದೇ ಸಾಲಿನಲ್ಲಿ, ಒಂದರ ಮೇಲೊಂದು ಬೇಡ. ಮೀನಿನ ಮೇಲೆ ಉಳಿದ ಟೊಮೆಟೊ, ಆಲಿವ್ ಕಾಯಿ, ಉಪ್ಪಿನ ಲಿಂಬೆಯ ಸಿಪ್ಪೆ. ಮತ್ತೆ ಮುಚ್ಚಿ. ಒಂದು ಇಂಚು ದಪ್ಪದ ತುಂಡಿಗೆ 10 ನಿಮಿಷ. ಮುಳ್ಳಿನ ಹತ್ತಿರ ಫೋರ್ಕ್ ಚುಚ್ಚಿ ತಿರುಗಿಸಿದರೆ ಪದರ ಬಿಡಿಸಿಕೊಳ್ಳಬೇಕು, ಒಳಗೆ ಗಾಜಿನಂತೆ ಕಾಣಬಾರದು. ಉರಿ ಆರಿಸಿ, ಮುಚ್ಚಳ ತೆಗೆಯದೆ ಐದು ನಿಮಿಷ ಹಾಗೇ ಬಿಡಿ. ಕೊನೆಗೆ ಒಂದು ಚಮಚ ಹಸಿ ಆಲಿವ್ ಎಣ್ಣೆ ಮೇಲಿನಿಂದ.

ಮೀನು ಒಡೆದು ಪುಡಿಯಾಗುತ್ತದೆ.

ಸೌಟು ಹಾಕಬೇಡಿ. ಮನೆಯಲ್ಲಿ ಮೀನು ಸಾರಿಗೆ ಮಾಡುವ ಹಾಗೆಯೇ ಪಾತ್ರೆಯ ಎರಡು ಬದಿ ಬಟ್ಟೆಯಲ್ಲಿ ಹಿಡಿದು ಮೆಲ್ಲ ಅಲ್ಲಾಡಿಸಿ.

ತಾಜೀನ್ ಪಾತ್ರೆ ಇಲ್ಲ. ಕುಕ್ಕರ್ ಸಾಕಾ?

ಮಾರಾಯ್ರೆ, ಕುಕ್ಕರ್ ಒಂದು ಬೇಡ. ಒಂದು ಸೀಟಿಗೆ ಮೀನು ಮುಗಿಯಿತು. ಮೀನು ಸಾರಿನ ಅಗಲ ಮಣ್ಣಿನ ಪಾತ್ರೆ ನಮ್ಮಲ್ಲಿ ಹೇಗೂ ಇರುತ್ತದೆ, ಸರಿಯಾಗಿ ಕೂರುವ ಮುಚ್ಚಳ ಹುಡುಕಿದರೆ ಆಯಿತು. ಮಣ್ಣು ನಿಧಾನ ಬಿಸಿಯಾಗಿ ನಿಧಾನ ತಣಿಯುತ್ತದೆ, ಈ ಅಡುಗೆಗೆ ಬೇಕಾದದ್ದೂ ಅದೇ. ಗ್ಯಾಸಿನಲ್ಲಿ ಸಣ್ಣ ಬರ್ನರ್ ಇಟ್ಟು ಉರಿಯನ್ನು ಮೆಲ್ಲ ಏರಿಸಿ, ಬಿಸಿ ಪಾತ್ರೆಗೆ ತಣ್ಣೀರು ಹೊಯ್ಯಬೇಡಿ, ಬಿರುಕು ಬಿಡುತ್ತದೆ. ಪುಳಿಮುಂಚಿ ಮಾಡುವ ಪಾತ್ರೆ ಬೇರೆ, ಇದಕ್ಕೆ ಬೇರೆ ಇಟ್ಟುಕೊಂಡರೆ ಒಳ್ಳೆಯದು, ಮಣ್ಣು ಹಳೆಯ ಹುಳಿ-ಖಾರದ ವಾಸನೆ ಬಿಡುವುದಿಲ್ಲ. ದಪ್ಪ ತಳದ ಸ್ಟೀಲ್ ಪಾತ್ರೆಯಾದರೂ ನಡೆಯುತ್ತದೆ.

ಆಲಿವ್ ಎಣ್ಣೆ ದುಬಾರಿ. ತೆಂಗಿನೆಣ್ಣೆ ಹಾಕಲಾ?

ತೆಂಗಿನೆಣ್ಣೆಯ ಪರಿಮಳ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಬಾಡಿಸಲಿಕ್ಕೆ ವಾಸನೆ ಇಲ್ಲದ ಸೂರ್ಯಕಾಂತಿ ಎಣ್ಣೆ ಬಳಸಿ, ಶರ್ಮೂಲಾಕ್ಕೆ ಮತ್ತು ಕೊನೆಯ ಚಮಚಕ್ಕೆ ಮಾತ್ರ ಒಳ್ಳೆಯ ಆಲಿವ್ ಎಣ್ಣೆ. ಸಣ್ಣ ಬಾಟಲಿ ತಂದರೆ ಐದಾರು ಸಲಕ್ಕೆ ಬರುತ್ತದೆ.

ಆಲಿವ್ ಕಾಯಿ, ಉಪ್ಪಿನ ಲಿಂಬೆ ಎಲ್ಲಿಂದ ತರುವುದು?

ಆಲಿವ್ ಈಗ ದೊಡ್ಡ ಅಂಗಡಿಗಳಲ್ಲಿ ಬಾಟಲಿಯಲ್ಲಿ ಸಿಗುತ್ತದೆ. ಉಪ್ಪು ನೀರಿನಲ್ಲಿರುತ್ತದೆ, ತೊಳೆದು ಹಾಕಿ, ಅಡುಗೆಗೆ ಉಪ್ಪು ಕಡಿಮೆ ಮಾಡಿ. ಇಲ್ಲದಿದ್ದರೆ ಉಪ್ಪಿನಲ್ಲಿಟ್ಟ ಕರಂಡೆ ನಾಲ್ಕಾರು ಹಾಕಿ ನೋಡಿ. ಆಲಿವ್‌ನ ರುಚಿ ಬರುವುದಿಲ್ಲ, ಆದರೆ ಆ ಉಪ್ಪು-ಹುಳಿಯ ಕಚ್ಚು ಬರುತ್ತದೆ.

ಉಪ್ಪಿನ ಲಿಂಬೆಯನ್ನು ಮಾತ್ರ ಮನೆಯಲ್ಲೇ ಮಾಡಿ. ಉಪ್ಪಿನಕಾಯಿ ಹಾಕಿ ಗೊತ್ತಿರುವ ಮನೆಗೆ ಇದೇನೂ ಹೊಸತಲ್ಲ. ಎಂಟು ತೆಳು ಸಿಪ್ಪೆಯ ಲಿಂಬೆಯನ್ನು ಬುಡ ಬಿಡದ ಹಾಗೆ ನಾಲ್ಕಾಗಿ ಸೀಳಿ, ಕಲ್ಲುಪ್ಪು ತುಂಬಿ, ಒಣಗಿದ ಭರಣಿಗೆ ಒತ್ತಿ ತುಂಬಿ, ಲಿಂಬೆ ರಸ ಹಿಂಡಿ ಪೂರ್ತಿ ಮುಳುಗಿಸಿ. ಮೆಣಸಿನ ಪುಡಿ, ಸಾಸಿವೆ ಏನೂ ಬೇಡ. ಮೂರು-ನಾಲ್ಕು ವಾರದಲ್ಲಿ ಸಿಪ್ಪೆ ಮೆತ್ತಗಾಗುತ್ತದೆ. ಬಳಸುವಾಗ ಒಳಗಿನ ತಿರುಳು ತೆಗೆದು, ಸಿಪ್ಪೆ ತೊಳೆದು, ಸಣ್ಣಗೆ ಹೆಚ್ಚಿ ಹಾಕಿ. ಅರ್ಧ ಲಿಂಬೆ ಒಂದು ಪಾತ್ರೆಗೆ ಸಾಕು.

ಖಾರ ಸಾಲದು ಅನ್ನಿಸಿದರೆ?

ಹಾರಿಸ್ಸಾ ಹಾಕಿ. ಟುನೀಷಿಯಾದ ಮೆಣಸಿನ ಚಟ್ನಿ ಅದು, 2022ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಬಿಸಿ ನೀರಿನಲ್ಲಿ ನೆನೆಸಿದ ಒಣಮೆಣಸು, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಶಾಹಿ ಜೀರಿಗೆ, ಉಪ್ಪು ಗಟ್ಟಿಯಾಗಿ ಕಡೆದು ಎಣ್ಣೆ ಸುರಿದಿಡುವುದು. ಪಾತ್ರೆಗೆ ಹಾಕುವುದಕ್ಕಿಂತ ತಟ್ಟೆಯ ಬದಿಗೆ ಬಡಿಸಿ, ಆಗ ತಾಜೀನನ್ನು ಮಕ್ಕಳೂ ತಿನ್ನಬಹುದು.

ಇದೂ ಬುಯ್ಯಾಬೇಸೂ ಒಂದೇಯಾ?

ಅಲ್ಲ. ಬುಯ್ಯಾಬೇಸ್ ಫ್ರಾನ್ಸಿನ ಮಾರ್ಸೇ ಬಂದರಿನದು. ಹಲವು ಜಾತಿಯ ಮೀನು, ಕೇಸರಿ, ಬಡೆಸೋಂಪಿನ ಗಡ್ಡೆ ಹಾಕಿ ಜೋರು ಕುದಿಸುವ ರಸ. ರಸವನ್ನು ಬ್ರೆಡ್ಡಿನ ಜೊತೆ, ಮೀನನ್ನು ಬೇರೆ ಬಡಿಸುತ್ತಾರೆ. ಹೆಸರು ಕೆಡಬಾರದೆಂದು 1980ರಲ್ಲಿ ಅಲ್ಲಿನ ಹೋಟೆಲಿನವರು ಸೇರಿ ನಿಯಮವನ್ನೇ ಬರೆದರು. ನಾಲ್ಕು ಜಾತಿಯ ಮೀನಾದರೂ ಇರಲೇಬೇಕು ಎಂದು.

ಕೇಸರಿ ಇಲ್ಲದಿದ್ದರೆ ಅರಸಿನ?

ಕೇಸರಿ ಇದ್ದರೆ ಹತ್ತು ಎಸಳು ಬೆಚ್ಚಗಿನ ನೀರಿನಲ್ಲಿ ನೆನೆಸಿ ತಾಜೀನ್‌ಗೆ ಹಾಕಿ. ಇಲ್ಲದಿದ್ದರೆ ಬಿಟ್ಟುಬಿಡಿ. ಅರಸಿನದ ವಾಸನೆಯೇ ಬೇರೆ.

ದೂರದ ಕಡಲಿನ ಅಡುಗೆ ನಮ್ಮ ನಾಲಿಗೆಗೆ ಹಿಡಿಸುತ್ತದಾ?

ಅಷ್ಟೇನೂ ದೂರದ್ದಲ್ಲ. 1132ರ ಸುಮಾರಿಗೆ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಮಂಗಳೂರಿಗೆ ಬಂದು 1149ರವರೆಗೆ ಇಲ್ಲೇ ಇದ್ದ. ಅವನ ಊರು ಟುನೀಷಿಯಾದ ಮಹ್ದಿಯಾ, ಮೆಡಿಟರೇನಿಯನ್ ದಡದ ಬಂದರು. ಅವನ ಪತ್ರಗಳು ಕೈರೋದ ಹಳೆಯ ಯೆಹೂದಿ ಪ್ರಾರ್ಥನಾ ಮಂದಿರದ ಕಾಗದದ ರಾಶಿಯಲ್ಲಿ ಸಿಕ್ಕಿವೆ, ಅವನ ಕೆಲಸಗಾರ ಬೊಮ್ಮನ ಹೆಸರೂ ಅವುಗಳಲ್ಲಿ ಬರುತ್ತದೆ. ಅವನ ಕಾಲದಲ್ಲಿ ಮಹ್ದಿಯಾದಲ್ಲೂ ಟೊಮೆಟೊ ಇರಲಿಲ್ಲ, ಮಂಗಳೂರಿನಲ್ಲೂ ಕೆಂಪು ಮೆಣಸು ಇರಲಿಲ್ಲ. ಟೊಮೆಟೊ, ಮೆಣಸು, ಬಟಾಟೆ ಮೂರೂ ಅಮೆರಿಕದಿಂದ ಬಂದವು, 1492ರ ನಂತರ ಸ್ಪೇನಿನವರ, ಪೋರ್ಚುಗೀಸರ ಹಡಗುಗಳ ಕೃಪೆ. ಎರಡೂ ಕಡಲಿನವರು ಅವನ್ನು ತಮ್ಮ ತಮ್ಮ ಮೀನಿಗೆ ಹೊಂದಿಸಿಕೊಂಡರು. ಮೀನು ಪಾತ್ರೆ ತೆರೆದಾಗ ಜೀರಿಗೆ, ಬೆಳ್ಳುಳ್ಳಿಯ ಪರಿಮಳ ಬಂದರೆ ನನಗೆ ಈ ಬೆನ್ ಯಿಜುವಿನ ನೆನಪಾಗುತ್ತದೆ. ಇಲ್ಲಿನ ಮೀನನ್ನು ಅವನ ಮನೆಯಲ್ಲಿ ಹೇಗೆ ಬೇಯಿಸುತ್ತಿದ್ದರೋ ಎಂದು.

ಮಳೆಗಾಲದಲ್ಲಿ ಮೀನು ಇಲ್ಲದಾಗ?

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ನಾಡದೋಣಿಯವರ ಮೀನು ಸಿಕ್ಕಿದರೆ ಅದು, ಇಲ್ಲವಾದರೆ ಐಸ್ ಮೀನು. ಐಸ್ ಮೀನನ್ನು ಬಿಸಿ ನೀರಿಗೆ ಹಾಕಿ ಕರಗಿಸಬೇಡಿ, ರಾತ್ರಿ ಫ್ರಿಜ್‌ನ ಕೆಳಗಿನ ಅಂಕಣದಲ್ಲಿಡಿ, ಬೆಳಿಗ್ಗೆ ನೀರು ಒರೆಸಿ ಬಳಸಿ. ಮರುವಾಯಿ ಸಿಕ್ಕಿದರೆ ಉಪ್ಪು ನೀರಿನಲ್ಲಿ ಒಂದು ಗಂಟೆ ಇಟ್ಟು ಮರಳು ಬಿಡಿಸಿ ಚಿಪ್ಪಿನ ಸಮೇತ ಹಾಕಿ. ಬೆಂದ ಮೇಲೂ ಬಾಯಿ ತೆರೆಯದ್ದನ್ನು ಬಿಸಾಡಿ. ಒಣಮೀನು ಬೇಡ, ಅದರ ಉಪ್ಪು ಮತ್ತು ವಾಸನೆ ಈ ತೆಳು ರಸಕ್ಕೆ ಭಾರ.

ಮನೆಯಲ್ಲಿ ಒಬ್ಬರು ಮೀನು ತಿನ್ನುವುದಿಲ್ಲ.

ಬೇರೆ ಪಾತ್ರೆಯಲ್ಲಿ ಅದೇ ತರಕಾರಿ, ಅದೇ ಟೊಮೆಟೊ ಮಸಾಲೆ, ಮೀನಿನ ಜಾಗದಲ್ಲಿ ನೆನೆಸಿ ಬೇಯಿಸಿದ ಕಾಬೂಲಿ ಕಡಲೆ. ಮೊರಾಕ್ಕೊದವರೂ ಕಡಲೆ ಧಾರಾಳ ಹಾಕುತ್ತಾರೆ. ಮಸಾಲೆಯನ್ನು ಮೀನಿಗೆ ಮುಟ್ಟಿಸುವ ಮೊದಲೇ ತೆಗೆದಿಡಿ, ಸೌಟು ಬೇರೆ ಇರಲಿ.

ಎಂತದರ ಜೊತೆ ತಿನ್ನುವುದು?

ಅವರು ರೊಟ್ಟಿ ಮುರಿದು ಅದರಲ್ಲೇ ರಸ ಒತ್ತಿ ತಿನ್ನುತ್ತಾರೆ. ನಮ್ಮಲ್ಲಿ ಬೇಕರಿಯ ಬಿಸಿ ಪಾವ್ ಹತ್ತಿರದ್ದು. ನನಗೆ ನೀರು ದೋಸೆಯೂ ಇಷ್ಟ, ರಸ ಚೆನ್ನಾಗಿ ಹೀರುತ್ತದೆ. ಪುಂಡಿಯೂ ಆದೀತು. ಕುಚ್ಚಲಕ್ಕಿ ಅನ್ನಕ್ಕೆ ರಸ ತೆಳುವಾಯಿತು ಅನ್ನಿಸುತ್ತದೆ, ಬೆಳ್ತಿಗೆ ಅನ್ನ ಅಡ್ಡಿಯಿಲ್ಲ.

ಉಳಿದರೆ ಮರುದಿನ ಚೆನ್ನಾಗಿರುತ್ತದಾ?

ನಿನ್ನೆಯ ಮೀನು ಸಾರಿನ ರುಚಿ ನಮಗೆಲ್ಲ ಗೊತ್ತು, ಆದರೆ ಅದನ್ನು ಕಾಪಾಡುವುದು ಹುಣಸೆಯ ಹುಳಿ ಮತ್ತು ಮತ್ತೆ ಮತ್ತೆ ಕುದಿಸುವುದು. ಇದನ್ನು ಹಾಗೆ ಹೊರಗಿಡಬೇಡಿ. ತಣಿದ ಕೂಡಲೇ ಫ್ರಿಜ್‌ಗೆ ಹಾಕಿ, ಎರಡು ದಿನದೊಳಗೆ ಮುಗಿಸಿ. ಬಿಸಿ ಮಾಡುವಾಗ ಮೀನಿನ ತುಂಡುಗಳನ್ನು ಮೆಲ್ಲ ತೆಗೆದಿಟ್ಟು, ರಸ ಮತ್ತು ತರಕಾರಿ ಚೆನ್ನಾಗಿ ಕುದಿ ಬಂದ ಮೇಲೆ ಮೀನು ಹಾಕಿ, ಒಳಗಿನವರೆಗೂ ಹಬೆಯಾಡುವಷ್ಟು ಬಿಸಿಯಾದ ಕೂಡಲೇ ಇಳಿಸಿ. ಮೀನು ಖಾಲಿಯಾಗಿ ಬರೀ ರಸ ಉಳಿದರೆ ಅದಕ್ಕೆ ಎರಡು ಮೊಟ್ಟೆ ಒಡೆದು ಹಾಕಿ ಮುಚ್ಚಿಡಿ, ಬೆಳಗಿನ ತಿಂಡಿಗೆ ಪಾವ್ ತಂದರೆ ಸಾಕು.